ಕೆಂಡದ ಅಡಿಗೆಯೂ ಹಿತ್ತಿಲ ಹೇರಳೆಯೂ

ಬಾಳಗಡಿಯ ಸುತ್ತಣ ಸೀಮೆಯಲ್ಲಿ, ಅಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಳ್ಳಿಗಳಲ್ಲಿ, ಬೀಗರೂಟ, ಗೃಹಪ್ರವೇಶ ಮೊದಲಾದ ಔತಣಗಳ ಭಾರವನ್ನು ಹೆಚ್ಚಾಗಿ ಹೊರತಕ್ಕವರು ಗ್ರಾಮದ ಮುಖಂಡರೂ ಜಮೀನುದಾರರೂ ಆಗಿರುತ್ತಾರೆ. ಅವರ ಮನೆಯ ಪಂಕ್ತಿಯಲ್ಲಿ ಬಡಿಸಿದ್ದನ್ನು ಊರಿನ ಉಳಿದವರು ಅನುಕರಿಸುವುದುಂಟು. ಈಚಿನ ವರ್ಷಗಳಲ್ಲಿ ಇಂತಹ ಪಂಕ್ತಿಗಳಿಗೆ ಕಬಾಬು ಬಂದು ಸೇರಿದೆ. ಅದರ ಬೆನ್ನಿಗೆ ಅಂಗಡಿಯ ಕೆಂಪು ಬಣ್ಣದ ಪೊಟ್ಟಣವೂ ಬಂದಿದೆ. ಕೆಂಪು ಎಷ್ಟು ಗಾಢವೋ ಔತಣವು ಅಷ್ಟು ಘನವೆಂಬ ಎಣಿಕೆಯು ಬೆಳೆಯುತ್ತಿರುವುದು ವಿಷಾದಕರವಾದ ಸಂಗತಿ.

ಈ ವಿಷಯದಲ್ಲಿ ಸರ್ಕಾರವು ಸುಮ್ಮನೆ ಕುಳಿತಿಲ್ಲ. ೨೦೨೪ನೆಯ ಇಸವಿ ಜೂನ್ ತಿಂಗಳಿನಲ್ಲಿ ರಾಜ್ಯದ ನಾನಾ ಕಡೆಗಳಿಂದ ತಂದ ೩೯ ಕಬಾಬಿನ ಮಾದರಿಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗಿ, ೮ರಲ್ಲಿ ಕೃತಕ ಬಣ್ಣವು ಕಂಡುಬಂದಿತು. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬವು ಆ ಬಣ್ಣಗಳ ಹೆಸರು. ತರುವಾಯ ಕೋಳಿ, ಮೀನು, ತರಕಾರಿ ಯಾವುದರ ಕಬಾಬಿಗೂ ಕೃತಕ ಬಣ್ಣವನ್ನು ಬಳಸಕೂಡದೆಂದು ಆಜ್ಞೆಯಾಯಿತು. ಮೀರಿದವರಿಗೆ ಸೆರೆವಾಸ, ೧೦ ಲಕ್ಷ ರೂಪಾಯಿಗಳವರೆಗೆ ದಂಡ. ಆದರೆ ಅಂಗಡಿಯ ಬಾಣಲೆಯನ್ನು ನೋಡುವುದಕ್ಕೆ ಅಧಿಕಾರಿಗಳುಂಟು. ಮದುವೆಯ ಚಪ್ಪರದ ಹಿಂದಣ ಒಲೆಯನ್ನು ನೋಡತಕ್ಕವನು ಮನೆಯ ಯಜಮಾನನೇ ಹೊರತು ಬೇರೆ ಯಾರೂ ಅಲ್ಲ. ಆ ಪಂಕ್ತಿಯಲ್ಲಿ ಕಬಾಬಿಗೆ ಮೊದಲು ಕೈಚಾಚುವವರು ಮಕ್ಕಳೆಂಬುದನ್ನು ಅವನು ಮರೆಯಲಾಗದು.

ಬಣ್ಣ ಬೆರೆಸದಿದ್ದರೆ ಪದಾರ್ಥವು ಬಿಳಚಿಕೊಳ್ಳುವುದೆಂದು ಅಡಿಗೆಯ ಗುತ್ತಿಗೆದಾರರು ಹೇಳುವ ಮಾತನ್ನು ವಿಚಾರಮಾಡದೆ ಒಪ್ಪತಕ್ಕದ್ದಲ್ಲ. ಸುಟ್ಟ ಪದಾರ್ಥಕ್ಕೆ ಕಂದುಬಣ್ಣವೂ ಪರಿಮಳವೂ ಬರುವುದು ಅದರಲ್ಲಿರುವ ಸಾರಾಂಶಗಳೂ ಸಕ್ಕರೆಯ ಅಂಶಗಳೂ ಕಾವಿನಲ್ಲಿ ಒಂದರೊಡನೊಂದು ಸಂಯೋಗವಾಗುವುದರಿಂದ. ಫ್ರಾನ್ಸ್ ದೇಶದ ಮಯ್ಯಾರ್ ಎಂಬ ರಸಾಯನಶಾಸ್ತ್ರಜ್ಞನು ೧೯೧೨ರಲ್ಲಿ ಇದನ್ನು ವಿವರಿಸಿದನು. ಈ ಸಂಯೋಗವು ಚುರುಕಾಗಿ ನಡೆಯಲು ಸುಮಾರು ೧೪೦ ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಮೈ ಒದ್ದೆಯಾಗಿರುವವರೆಗೆ ಕಾವು ೧೦೦ನ್ನು ದಾಟುವುದಿಲ್ಲ. ಆದಕಾರಣ ಬಿಳಚುವುದಕ್ಕೆ ಮೂಲವು ಬಣ್ಣದ ಅಭಾವವಲ್ಲ, ನೀರು. ತೊಳೆದ ತುಂಡುಗಳನ್ನು ಬಟ್ಟೆಯಿಂದ ಒರಸಿ, ಒಂದಕ್ಕೊಂದು ತಾಗದಂತೆ ಹರವಿ, ಉರಿಯ ಮೇಲಲ್ಲದೆ ಕೆಂಡದ ಮೇಲೆ ಸುಟ್ಟರೆ ಬಣ್ಣವು ತಾನಾಗಿಯೇ ಬರುತ್ತದೆ. ಕೆಂಪೇ ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿಯುಂಟು. ನೆನೆಸಿ ನುಣ್ಣಗೆ ಅರೆದರೆ ಖಾರ ಕಡಿಮೆ, ಬಣ್ಣ ಹೆಚ್ಚು.

ಹುಳಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹುಳಿಯು ಹೆಚ್ಚಾದಷ್ಟೂ ಮೇಲೆ ಹೇಳಿದ ಕಂದುಬಣ್ಣವು ನಿಧಾನವಾಗುತ್ತದೆ. ರಾತ್ರಿಯೆಲ್ಲ ಹುಳಿಯಲ್ಲಿ ನೆನೆದ ಮಾಂಸದ ಮೈ ಹಿಟ್ಟುಹಿಟ್ಟಾಗುತ್ತದೆ. ಆದುದರಿಂದ ಎಳೆಯ ನಾಟಿಕೋಳಿಯ ಒಂದು ಕಿಲೋ ಮಾಂಸಕ್ಕೆ ೧೦ರಿಂದ ೧೨ ಗ್ರಾಂ ಉಪ್ಪು, ತರಿಯಾಗಿ ಕುಟ್ಟಿದ ಕಾಳುಮೆಣಸು, ಶುಂಠಿ, ಹತ್ತು ದೊಡ್ಡಪತ್ರೆಯ ಎಲೆಗಳನ್ನು ಅರೆದು, ಒಂದು ಚಮಚ ಮಾತ್ರ ಹೇರಳೆಯ ರಸವನ್ನು ಕೂಡಿಸಿ, ಮುಕ್ಕಾಲು ಗಂಟೆ ಇಟ್ಟರೆ ಸಾಕು. ಇದಕ್ಕೆ ಕಲ್ಲುಮರಿಗೆ ಅಥವಾ ಮಣ್ಣಿನ ಪಾತ್ರೆ ಉತ್ತಮ. ಅಲ್ಯೂಮಿನಿಯಂ ಪಾತ್ರೆಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆಯೂ ತಗದು. ತೊಡೆಯ ಸಂದಿನವರೆಗೂ ಚೆನ್ನಾಗಿ ಬೆಂದ ಮೇಲೆ ಕೆಂಡದಿಂದ ತೆಗೆದು, ಉಳಿದ ರಸವನ್ನು ಆಗ ಹಿಂಡಿ, ಗಜನಿಂಬೆಯ ಸಿಪ್ಪೆಯ ಹೊರಪದರವನ್ನು ಸ್ವಲ್ಪ ತುರಿದು, ಕೊತ್ತಂಬರಿಯನ್ನಾಗಲಿ ಕಾಡುಕೊತ್ತಂಬರಿಯನ್ನಾಗಲಿ ಹೆಚ್ಚಿ ಉದುರಿಸಬೇಕು. ಬಿಳಿಯ ಪದರವು ಕಹಿ, ಅದನ್ನು ತುರಿಯಕೂಡದು. ದೊಡ್ಡಪತ್ರೆಯು ಕಾವನ್ನು ತಡೆಯಬಲ್ಲುದು, ಕೊತ್ತಂಬರಿಯ ಪರಿಮಳವು ತಡೆಯಲಾರದು. ನಿಂಬೆಯ ಜಾತಿಯಲ್ಲಿರುವ ಸಿ ಜೀವಸತ್ವವೂ ಕಾವಿಗೆ ನಷ್ಟವಾಗತಕ್ಕದ್ದೇ.

ಶಾಕಾಹಾರಿಗಳ ಪಂಕ್ತಿಗೂ ಇದೇ ನ್ಯಾಯ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಎಳೆಯ ಹಲಸಿನಕಾಯಿಯನ್ನೂ ಬಾಳೆಕಾಯಿಯನ್ನೂ ಅರೆಬೇಯಿಸಿ, ನೀರಾರಿಸಿ, ಎಣ್ಣೆ ಸವರಿ ಕಾವಲಿಯ ಮೇಲೆ ಕಂದಾಗುವವರೆಗೆ ಹುರಿದು ಹೇರಳೆ ಹಿಂಡಿದರೆ, ಔತಣಕ್ಕೆ ಯೋಗ್ಯವಾದ ಪ್ರಧಾನ ಪದಾರ್ಥವೇ ಆಗುತ್ತದೆ. ಸುವರ್ಣಗೆಡ್ಡೆಗೆ ಮಾತ್ರ ತುರಿಕೆಯ ನಿಮಿತ್ತ ಬೇಯಿಸುವಾಗಲೇ ಹುಳಿ ಬೇಕು.

ಇಷ್ಟಕ್ಕೆಲ್ಲ ಹಿತ್ತಿಲಿನಲ್ಲಿ ಎರಡು ಮರಗಳೂ ಎಂಟು ಅಡಿ ಉದ್ದದ ಒಂದು ಸೊಪ್ಪಿನ ಮಡಿಯೂ ಸಾಕು. ಅಡಿಕೆಯ ತೋಟವನ್ನು ಹಳದಿ ಎಲೆ ರೋಗವು ದಶಕಗಳಿಂದ ಬಾಧಿಸುತ್ತಿರುವ ಈ ಮೂರು ತಾಲ್ಲೂಕುಗಳಲ್ಲಿ, ಮನೆಯ ಮುಂದೆ ಬೆಳೆಯತಕ್ಕ ಹುಳಿಯನ್ನು ಸೀಸೆಯಲ್ಲಿ ಕೊಂಡುತರುವುದು ವಿವೇಕವಲ್ಲ. ಹೇರಳೆ, ಕಂಚಿ, ಗಜನಿಂಬೆಗಳು ಬೇರಿನಲ್ಲಿ ನೀರು ನಿಂತರೆ ತಾಳವು. ಇಲ್ಲಿಯ ಮಳೆಗೆ ಬುಡ ಕೊಳೆಯುತ್ತದೆ. ಆದುದರಿಂದ ದಿಬ್ಬ ಮಾಡಿ ನೆಟ್ಟು, ಮಳೆಗಾಲಕ್ಕೆ ಮೊದಲು ಕಾಂಡಕ್ಕೆ ಬೋರ್ಡೋ ಮುಲಾಮನ್ನು ಹಚ್ಚಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ತೋರಿಸಿಕೊಟ್ಟ ಬೋರ್ಡೋ ದ್ರಾವಣವನ್ನು ಅರಿಯದ ತೋಟಗಾರನು ಈ ಸೀಮೆಯಲ್ಲಿಲ್ಲ. ಆದರೆ ಅದೇ ಕಾರಣದಿಂದ ಸೊಪ್ಪಿನ ಮಡಿಯನ್ನು ಅಡಿಕೆ ಮರಗಳ ಕೆಳಗೆ ಮಾಡಲಾಗದು. ಮೇಲಿನಿಂದ ಮೈಲುತುತ್ತದ ಹನಿ ಬಿದ್ದ ದೊಡ್ಡಪತ್ರೆಯನ್ನು ಅರೆದು ಹಾಕಿ, ಬಣ್ಣದ ಪೊಟ್ಟಣವನ್ನು ಮಾತ್ರ ದೂರುವುದು ನಗೆಗೀಡಾದೀತು. ಬಾವಿಯ ಬಳಿ, ಅಡಿಗೆಮನೆಯ ಬಾಗಿಲಿಗೆ ಕಾಣುವಲ್ಲಿ, ಮಡಿಯಿರಲಿ.

ಔತಣದ ಗುತ್ತಿಗೆಯನ್ನು ಮಾತಾಡುವಾಗಲೇ ಬಣ್ಣ, ಟೇಸ್ಟಿಂಗ್ ಪುಡಿಗಳನ್ನು ತರಕೂಡದೆಂದು ಸ್ಪಷ್ಟವಾಗಿ ಹೇಳಿ, ಹಣ್ಣು ಸೊಪ್ಪುಗಳ ಬುಟ್ಟಿಯನ್ನು ಮನೆಯಿಂದಲೇ ಕೊಡತಕ್ಕದ್ದು. ಅಡಿಗೆಯವನು ಒಂದು ಗಂಟೆ ಹೆಚ್ಚು ಹೊತ್ತನ್ನೂ ಒಂದು ಚೀಲ ಹೆಚ್ಚು ಇದ್ದಿಲನ್ನೂ ಕೇಳಬಹುದು. ಅದು ನ್ಯಾಯವಾದ ಬೇಡಿಕೆ; ಕೊಡಬೇಕು.