ನೋಟಿಸ್ ಓದಲು ಬರುವಷ್ಟು ದೊಡ್ಡದಿರಲಿ

ನಮ್ಮ ಕಾಲೇಜಿನ ವೆಬ್‌ಸೈಟ್ ತೆರೆದರೆ ಮೊದಲು ಕಾಣುವುದು ವಾರ್ಷಿಕೋತ್ಸವದ ಫೋಟೊಗಳು. ಪರದೆ ತುಂಬ ಇವೆ, ನೋಡಲು ಖುಷಿಯಾಗುತ್ತದೆ. ಆದರೆ ನೋಟಿಸ್ ಪುಟಕ್ಕೆ ಹೋದರೆ ಅಂಚೆಚೀಟಿಯಂಥ ಪುಟ್ಟ ಚಿತ್ರ. ಬೆರಳಿಂದ ಹಿಗ್ಗಿಸಿದರೆ ಅಕ್ಷರವೆಲ್ಲ ಮಸುಕು.

ಕಳೆದ ವರ್ಷ ವಿದ್ಯಾರ್ಥಿವೇತನದ ನೋಟಿಸ್ ಹೀಗೇ ಬಂದಿತ್ತು. ಕೊನೆಯ ದಿನ 23. ನಾನು 28 ಎಂದು ಓದಿದೆ. 22ರ ಸಂಜೆ ಕ್ಲಾಸಿನವಳೊಬ್ಬಳು ಹೇಳಿದಾಗಲೇ ಗೊತ್ತಾಯಿತು. ಮರುದಿನ ಅಬ್ಬು ಅಂಗಡಿ ಮುಚ್ಚಿ ನನ್ನ ಜೊತೆ ಬಂದರು, ಅರ್ಜಿ ಕೊಟ್ಟೆವು. ನನ್ನ ಗೆಳತಿಯೂ 28 ಎಂದೇ ಓದಿದ್ದಳು. ಅವಳಿಗೆ ಸುದ್ದಿ ತಲುಪುವಷ್ಟರಲ್ಲಿ ದಿನ ಮುಗಿದಿತ್ತು. ಆ ವರ್ಷದ ಫೀಸನ್ನು ಅವಳು ಕಂತಿನಲ್ಲಿ ಕಟ್ಟಿದಳು.

ಇದು ಯಾರ ತಪ್ಪು ಎಂದು ಹುಡುಕುತ್ತಿಲ್ಲ. ಕಾರಣವನ್ನು ಕಂಪ್ಯೂಟರ್ ಮೇಡಂ ನನಗೆ ತೋರಿಸಿದರು. ನಮ್ಮ ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಎಂಬ ಪುಟವಿದೆ. ಅಲ್ಲಿ ಮೊದಲೇ ಇರುವ ಅಳತೆ ಹೀಗೆ: ಥಂಬ್‌ನೇಲ್ 150, ಮೀಡಿಯಂ 300, ಲಾರ್ಜ್ 1024 ಪಿಕ್ಸೆಲ್. ನೋಟಿಸನ್ನು ಮೀಡಿಯಂನಲ್ಲಿ ಹಾಕಿದ್ದರು. ಅಂದರೆ ಎ4 ಹಾಳೆಯ ಎತ್ತರ 300, ಅಗಲ ಸುಮಾರು 212. ಪುಟದಲ್ಲಿ 35 ಸಾಲಿದ್ದರೆ ಒಂದು ಸಾಲಿಗೆ 9 ಪಿಕ್ಸೆಲ್ ಕೂಡ ಸಿಗುವುದಿಲ್ಲ. ಅಷ್ಟರಲ್ಲಿ ಒತ್ತಕ್ಷರ ಹೇಗೆ ಉಳಿದೀತು? 3 ಯಾವುದು, 8 ಯಾವುದು? ಚಿತ್ರಕ್ಕೆ ಮೂಲ ಫೈಲಿನ ಲಿಂಕ್ ಕೂಡ ಕೊಟ್ಟಿರಲಿಲ್ಲ. ಒತ್ತಿದರೆ ದೊಡ್ಡದಾಗುವುದಿಲ್ಲ.

ಸಹಿ, ಮೊಹರು ಕಾಣಬೇಕು, ಅದಕ್ಕೇ ಸ್ಕ್ಯಾನ್ ಮಾಡಿ ಹಾಕುತ್ತೇವೆ ಎಂದು ಆಫೀಸಿನಲ್ಲಿ ಹೇಳುತ್ತಾರೆ. ಅದು ಸರಿ. ಆ ಪ್ರತಿ ಕೆಳಗಿರಲಿ, ಲಾರ್ಜ್ ಅಳತೆಯಲ್ಲಿ, ಮೂಲ ಫೈಲಿನ ಲಿಂಕ್ ಸಮೇತ. ಅದರ ಮೇಲೆ ನೋಟಿಸಿನ ಮಾತುಗಳನ್ನೇ ಅಕ್ಷರದಲ್ಲಿ ಹಾಕಲಿ. ಹೇಗೂ ಅದನ್ನು ಒಮ್ಮೆ ಟೈಪ್ ಮಾಡಿಯೇ ಇರುತ್ತಾರೆ. ನುಡಿಯಲ್ಲಿ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿ ಅಂಟಿಸಿದರಾಯಿತು.

ಇದರಿಂದ ಇನ್ನೊಂದು ಲಾಭವಿದೆ. ನಮ್ಮ ಅಮ್ಮಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಕ್ಷರದಲ್ಲಿದ್ದರೆ ಫೋನೇ ಓದಿ ಹೇಳುತ್ತದೆ. ನಾನು ಮನೆಗೆ ಬರುವ ತನಕ ಅವರು ಕಾಯಬೇಕಿಲ್ಲ. ನಮ್ಮಲ್ಲಿ ಇಂಥ ಅಮ್ಮಂದಿರು ಬಹಳ.

ಮೀಡಿಯಾ ಪುಟದಲ್ಲಿ ಅಳತೆ ಬದಲಿಸಿದರೆ ಅದು ಹೊಸ ಚಿತ್ರಗಳಿಗೆ ಮಾತ್ರ ಅನ್ವಯ. ಹಳೆಯ ನೋಟಿಸುಗಳನ್ನು ಮತ್ತೆ ಹಾಕಬೇಕಾಗುತ್ತದೆ. ಆ ಕೆಲಸಕ್ಕೆ ಮಧ್ಯಾಹ್ನದ ಬಿಡುವಿನಲ್ಲಿ ನಾವು ನಾಲ್ಕೈದು ಜನ ಬರಲು ಸಿದ್ಧ. ಈ ವರ್ಷದ ವಿದ್ಯಾರ್ಥಿವೇತನದ ನೋಟಿಸ್ ಬರುವ ಮೊದಲೇ ಇದಾಗಲಿ ಎಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ.