ಕಾರಿಗೆ ಉಸಿರು ಕಟ್ಟಿಲ್ಲ ಮಾರಾಯ

ಚಿಕ್ಕಮ್ಮನ ಮಗ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಯ್ತು. ಮನೆಯ ಹಳೆ ಸ್ವಿಫ್ಟ್ ಈಗ ಅವನ ಕೈಯಲ್ಲಿ. ಮೊನ್ನೆ ಫೋನ್ ಮಾಡಿದ: "ಅಣ್ಣ, ಕೋಲ್ಡ್ ಏರ್ ಇಂಟೇಕ್ ಹಾಕಿಸ್ಬೇಕು. ಕೆ ಅಂಡ್ ಎನ್ ತಕೊಳ್ಳುದಾ, ಲೋಕಲ್ ಕಿಟ್ ಸಾಕಾ?" ಎರಡೂ ಬೇಡ ಅಂದೆ. "ಇಂಜಿನ್‌ಗೆ ಉಸಿರಾಡ್ಲಿಕ್ಕೆ ಬೇಡ್ವಾ ಅಣ್ಣ?" ಅಂತ ಕೇಳಿದ.

ಈ ಉಸಿರಾಟದ ಮಾತಿಗೇ ನನ್ನ ತಕರಾರು. ಯೂಟ್ಯೂಬಿನಿಂದ ಹಿಡಿದು ಆಕ್ಸೆಸರಿ ಅಂಗಡಿಯವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ಕಂಪನಿಯವರು ಕೊಟ್ಟ ಕಾಗದದ ಫಿಲ್ಟರ್ ಇಂಜಿನ್ನಿನ ಮೂಗು ಮುಚ್ಚುತ್ತದಂತೆ. ಅದನ್ನೂ ಅದರ ಪ್ಲಾಸ್ಟಿಕ್ ಡಬ್ಬಿಯನ್ನೂ ಕಿತ್ತು, ದಪ್ಪ ಪೈಪು, ಅದರ ತುದಿಗೆ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಕೂರಿಸಿದರೆ ಕಾರು ಹಾರುತ್ತದಂತೆ.

ತಂಪು ಗಾಳಿಯಲ್ಲಿ ಆಮ್ಲಜನಕ ಹೆಚ್ಚು ಎನ್ನುವುದು ಸುಳ್ಳಲ್ಲ. ಹತ್ತು ಡಿಗ್ರಿ ತಣ್ಣಗಾದರೆ ಗಾಳಿಯ ಸಾಂದ್ರತೆ ಸುಮಾರು 3 ಪರ್ಸೆಂಟ್ ಏರುತ್ತದೆ. ಆದರೆ ನಿಮ್ಮ ಕಾರಿನ ಬಾನೆಟ್ ಎತ್ತಿ ನೋಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಗಾಳಿ ಎಳೆಯುವ ಬಾಯಿ ಮುಂದುಗಡೆ, ಬಾನೆಟ್ಟಿನ ಅಂಚಿನ ಹತ್ತಿರ, ಸಾಕಷ್ಟು ಎತ್ತರದಲ್ಲಿ ಇರುತ್ತದೆ. ಅಂದರೆ ಹೊರಗಿನ ತಂಪು ಗಾಳಿಯನ್ನೇ ಅದು ಎಳೆಯುತ್ತಿದೆ. ಕೋಲ್ಡ್ ಏರ್ ಇಂಟೇಕ್ ಕಾರಿನ ಜೊತೆಗೇ ಬಂದಿದೆ ಮಾರಾಯ, ಅದಕ್ಕೆ ನೀನು ಆಗಲೇ ದುಡ್ಡು ಕೊಟ್ಟಾಗಿದೆ.

ಇನ್ನೊಂದು ಲೆಕ್ಕ. 1.2 ಲೀಟರಿನ ಪೆಟ್ರೋಲ್ ಇಂಜಿನ್ 6000 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ನಿಮಿಷಕ್ಕೆ ಹೆಚ್ಚೆಂದರೆ 3600 ಲೀಟರ್ ಗಾಳಿ ಎಳೆಯಬಹುದು. ಅಂಬಲಪಾಡಿ ಬೈಪಾಸಿನಿಂದ ಮಣಿಪಾಲಕ್ಕೆ ಹೋಗುವಾಗ 6000 ಆರ್‌ಪಿಎಂ ಎಲ್ಲಿ ಬರ್ತದೆ? ಆ ಟ್ರಾಫಿಕ್ಕಿನಲ್ಲಿ ಥ್ರಾಟಲ್ ಮುಕ್ಕಾಲು ಮುಚ್ಚಿಯೇ ಇರುತ್ತದೆ, ಗಾಳಿಯನ್ನು ತಡೆಯುವುದು ನಿನ್ನ ಕಾಲೇ. ಫಿಲ್ಟರ್ ದೊಡ್ಡದು ಮಾಡುವುದೆಂದರೆ ನಳ್ಳಿಯನ್ನು ಸ್ವಲ್ಪವೇ ತಿರುಗಿಸಿ, ನೀರು ಸಾಲದು ಅಂತ ಟ್ಯಾಂಕಿನ ಪೈಪು ದಪ್ಪ ಮಾಡಿಸಿದ ಹಾಗೆ.

ತಮಾಷೆ ಎಂದರೆ ನಮ್ಮೂರಿನ ಕಾರಿಗೆ ಪುಕ್ಕಟೆ ಗಾಳಿ ಬೇಕಾದಷ್ಟು ಉಂಟು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು 10 ಪರ್ಸೆಂಟ್ ಕಡಿಮೆ. ನಮ್ಮ ಸೆಕೆ, ತೇವಗಳನ್ನು ಕಳೆದರೂ ಶಿರಾಡಿ ಘಾಟಿ ಇಳಿದು ಬಂದ ಕಾರಿಗೆ ಏಳೆಂಟು ಪರ್ಸೆಂಟ್ ಆಮ್ಲಜನಕ ಹೆಚ್ಚು ಸಿಗುತ್ತದೆ. ಯಾವ ಕಿಟ್ ಅಷ್ಟು ಕೊಡ್ತದೆ?

ಹಾಗಾದರೆ ಹಾಕಿಸಿದವರೆಲ್ಲ ಪಿಕಪ್ ಬಂತು ಅನ್ನುವುದು ಯಾಕೆ? ಸೌಂಡು. ಇಂಜಿನ್ ಗಾಳಿ ಎಳೆಯುವ ಗದ್ದಲವನ್ನು ಅಡಗಿಸುವುದೂ ಆ ಪ್ಲಾಸ್ಟಿಕ್ ಡಬ್ಬಿಯ ಕೆಲಸ. ಅದನ್ನು ಕಿತ್ತರೆ ಗೊರಗೊರ ಕೇಳುತ್ತದೆ, ಕಿವಿ ಅದನ್ನು ಸ್ಪೀಡ್ ಅಂದುಕೊಳ್ಳುತ್ತದೆ. ಟ್ರ್ಯಾಕಿನಲ್ಲಿ ಓಡಿಸುವವರ, ಇಸಿಯು ರೀಮ್ಯಾಪ್ ಮಾಡಿಸಿದ ಟರ್ಬೊ ಕಾರಿನವರ ಕಥೆ ಬೇರೆ. ಅವರ ಬಗ್ಗೆ ನನ್ನ ಮಾತಿಲ್ಲ.

ಇಷ್ಟೇ ಆಗಿದ್ದರೆ ಹುಡುಗನ ದುಡ್ಡು, ಹುಡುಗನ ಖುಷಿ ಅಂತ ಸುಮ್ಮನಿರುತ್ತಿದ್ದೆ. ಸುಮ್ಮನಿರಲು ಆಗದ್ದು ಮಳೆಯಿಂದ. ಇಂಜಿನ್ ಬಿಸಿಯಿಂದ ದೂರ ಇರಲಿ ಅಂತ ಈ ಕಿಟ್‌ಗಳಲ್ಲಿ ಎಷ್ಟೋ ಫಿಲ್ಟರನ್ನು ಕೆಳಗೆ, ಬಂಪರಿನ ಹಿಂದೆ ಕೂರಿಸುತ್ತವೆ. ಎತ್ತರದಲ್ಲಿದ್ದ ಮೂಗನ್ನು ತಂದು ಮೊಣಕಾಲಿನ ಮಟ್ಟಕ್ಕೆ ಇಟ್ಟ ಹಾಗೆ. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬರುವ ಜಿಲ್ಲೆ ಇದು. 2020ರ ಸೆಪ್ಟೆಂಬರ್ 20ರಂದು ಕಲ್ಸಂಕದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಉಡುಪಿಯವರಿಗೆ ಹೇಳಬೇಕಾ?

ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಿಕ್ಕಾಗುವುದಿಲ್ಲ. 1.2 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಹೆಚ್ಚುಕಡಿಮೆ 30 ಮಿಲಿಲೀಟರ್. ಮಕ್ಕಳ ಸಿರಪ್ಪಿನ ಮೂರು ಮುಚ್ಚಳ. ಅಷ್ಟು ನೀರು ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಬೆಂಗಳೂರಿನಲ್ಲಿ ಹೊಸದಾಗಿ ಸಂಬಳ ಬರ್ತಿದ್ದಾಗ ನಾನೂ ಹಾಕಿಸಿದ್ದೆ. ಜೂನ್‌ನಲ್ಲಿ ಊರಿಗೆ ಬಂದೆ. ಮನೆಗೆ ಹೋಗುವ ಬೈಲಿನ ರಸ್ತೆಗೆ ತೋಡಿನ ನೀರು ಹತ್ತಿತ್ತು, ಹೆಚ್ಚೆಂದರೆ ಅರ್ಧ ಚಕ್ರ. ಎದುರಿಂದ ಬಂದ ಪಿಕಪ್ ಒಂದು ಅಲೆ ಎಬ್ಬಿಸಿತು, ಟಕ್ ಅಂತ ನಿಂತಿತು ಕಾರು. ಬಿಇ ಮಾಡಿದ ಬುದ್ಧಿವಂತ ನಾನು ಮತ್ತೆ ಕೀ ತಿರುಗಿಸಿದೆ. ತಿರುಗಿಸಬಾರದಿತ್ತು. ಇಂಜಿನ್ ಪ್ರೊಟೆಕ್ಷನ್ ಆಡ್-ಆನ್ ತಕೊಂಡಿರಲಿಲ್ಲ. ಸರ್ವೇಯರ್ ಮೊದಲು ನೋಡಿದ್ದೇ ಆ ಹೊಳೆಯುವ ಪೈಪನ್ನು. ಎರಡು ತಿಂಗಳ ಸಂಬಳ ಹೋಯ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ, ಆ ಮಳೆಗಾಲ ಪೂರ್ತಿ ಅಮ್ಮನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರಕೊಂಡು ಹೋದರು.

ತಮ್ಮನಿಗೆ ಇಷ್ಟನ್ನೂ ಹೇಳಿ, ಮೊದಲು ಏರ್ ಬಾಕ್ಸಿನ ಕ್ಲಿಪ್ ತೆಗೆದು ನೋಡು ಅಂದೆ. ಭಾನುವಾರ ಫೋಟೋ ಕಳಿಸಿದ. ಕೆಂಪು ಧೂಳು, ಒಣಗಿದ ಎಲೆ, ಇಲಿ ತಂದಿಟ್ಟ ಅಡಿಕೆ ಸಿಪ್ಪೆ. ಚಿಕ್ಕಪ್ಪ ಎಷ್ಟು ವರ್ಷದಿಂದ ಫಿಲ್ಟರ್ ಬದಲಾಯಿಸಿರಲಿಲ್ಲವೋ. ಕೆಲವು ನೂರು ರೂಪಾಯಿಯ ಕಾಗದದ ಫಿಲ್ಟರ್ ತಂದು ಹಾಕಿದನಂತೆ. "ಪಿಕಪ್ ಅಡ್ಡಿಲ್ಲ ಅಣ್ಣ, ಸೌಂಡ್ ಮಾತ್ರ ಇಲ್ಲ" ಅಂತ ಇನ್ನೂ ಸ್ವಲ್ಪ ಬೇಜಾರು.