ಒರಟು ಹೊರಮೈ ನೋಡಿ ಕೋವಿಗೆ ಬೆಲೆ ಕಟ್ಟಬೇಡಿ



ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ನಾಡು ನಮ್ಮದು. ಕೋವಿಯ ಗುಣ ಬಲ್ಲೆವೆಂಬ ಹೆಮ್ಮೆಯೂ ನಮಗುಂಟು. ಆದರೆ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ತಯಾರಾದ ಜಪಾನಿ ರೈಫಲ್ಲಿನ ಮಾತು ಬಂದರೆ, 'ಸೋಲುವ ಕಾಲದ ಕಳಪೆ ಮಾಲು' ಎಂದು ತಳ್ಳಿಹಾಕುತ್ತೇವೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಕೆ. ಎಸ್. ತಿಮ್ಮಯ್ಯನವರು ೧೯೪೫ರಲ್ಲಿ ಬರ್ಮಾದ ಅರಾಕಾನಿನಲ್ಲಿ ಎದುರಿಸಿದ್ದು ಜಪಾನಿ ಸೈನ್ಯವನ್ನೇ. ಆ ಸೈನ್ಯ ೧೯೩೯ರಲ್ಲಿ ಆಯ್ದುಕೊಂಡ ೭.೭ ಮಿ.ಮೀ. ಅರಿಸಾಕ ೯೯ನೇ ಮಾದರಿಗೆ ಮೊದಲು ಕ್ರೋಮ್ ಲೇಪದ ನಳಿಗೆ, ಊರುಗೋಲು, ವಿಮಾನಕ್ಕೆ ಗುರಿಯಿಡುವ ಸಾಧನ ಎಲ್ಲವೂ ಇದ್ದವು. ಉಕ್ಕಿನ ಅಭಾವ, ಬಾಂಬಿನ ದಾಳಿಗಳಿಂದಾಗಿ ಇವು ಒಂದೊಂದಾಗಿ ಹೋದವು. ೧೯೪೫ರ ಹೊತ್ತಿಗೆ ಗುರಿಕಿಂಡಿ ಸ್ಥಿರವಾಯಿತು, ಹಿಂಬದಿಗೆ ಮರದ ಹಲಗೆಯನ್ನು ಮೊಳೆ ಹೊಡೆದು ಕೂರಿಸಿದರು, ಉಪಕರಣದ ಗೀರುಗಳು ಹಾಗೆಯೇ ಉಳಿದವು. ಆದರೆ ತೋಟೆಯ ಒತ್ತಡ ತಡೆಯುವ ಬೋಲ್ಟಿನ ಮೂಲ ವಿನ್ಯಾಸ ಬದಲಾಗಲಿಲ್ಲ. ಅಡಿಕೆಯನ್ನು ಒಡೆದು ನೋಡದೆ ದರ ಹೇಳುವವರುಂಟೇ?

ಈ ರೈಫಲ್ಲುಗಳು ಹೆಚ್ಚಾಗಿ ಸಿಗುವುದು ಅಮೆರಿಕದಲ್ಲಿ. ಯುದ್ಧ ಮುಗಿಸಿದ ಸೈನಿಕರು ನೆನಪಿಗಾಗಿ ಮನೆಗೊಯ್ದವು ಅಲ್ಲಿ ಇಂದೂ ಕೈಬದಲಾಗುತ್ತವೆ. ನಮ್ಮಲ್ಲಿ ಕಾಯಿದೆಯ ಮಾತೇ ಬೇರೆ. ಅಲ್ಲಿ ನೆಲಸಿರುವ ನಮ್ಮ ಮಕ್ಕಳು ಕೊಳ್ಳುವುದಾದರೆ ನನ್ನ ಸಲಹೆ ಇಷ್ಟು.

ಮೊದಲು ನಳಿಗೆಯೊಳಗೆ ಬೆಳಕು ಹಿಡಿದು ನೋಡಲಿ. ತಿರುಚು ಗೆರೆಗಳಿಲ್ಲದೆ ನಯವಾಗಿದ್ದರೆ ಅದು ಶಾಲಾ ಮಕ್ಕಳ ಕವಾಯತಿಗೆ ಮಾಡಿದ ಕೋವಿಯಾಗಿರಬಹುದು. ನೋಟಕ್ಕೆ ಒಂದೇ ಆದರೂ ಅದು ಖಾಲಿ ತೋಟೆಗಷ್ಟೇ. ಅದರಲ್ಲಿ ಗುಂಡಿನ ತೋಟೆ ಹಾರಿಸಿದರೆ ಸಿಡಿದು ಮುಖ ಕೈ ಹೋದೀತು. ಆಮೇಲೆ ನಳಿಗೆಯಲ್ಲಿ ತುಕ್ಕು ತಿಂದ ಗುಳಿಗಳಿವೆಯೇ, ಬೋಲ್ಟಿನ ಸಂಖ್ಯೆಯೂ ಕೋವಿಯ ಸಂಖ್ಯೆಯೂ ಹೊಂದುತ್ತವೆಯೇ ನೋಡಲಿ. ಹೊಂದದಿದ್ದರೆ ಬೋಲ್ಟು ಬೇರೆ ಕೋವಿಯದಾಗಿರಬಹುದು. ಹೊಂದಿದರೂ ಕೋವಿ ರಿಪೇರಿಯ ನುರಿತವರಿಂದ ಅಳತೆ ಮಾಡಿಸದೆ ಹಾರಿಸಬಾರದು. ಕೊನೆಯ ದಿನಗಳ ಮಾಲು ಒಂದರಂತೆ ಇನ್ನೊಂದಿಲ್ಲ. ಸೇವಂತಿಗೆ ಲಾಂಛನ ಅಳಿಸಿದ್ದರೆ ಸಂಗ್ರಾಹಕರಲ್ಲಿ ಬೆಲೆ ತಗ್ಗುತ್ತದೆ, ಕೋವಿಯ ಗುಣ ತಗ್ಗುವುದಿಲ್ಲ.

ಮಿರುಗುವ ಮರಕ್ಕೆ ಹಣ ತೆತ್ತು ಒಳಗನ್ನು ಬಿಟ್ಟವನು ಮೋಸ ಹೋಗುತ್ತಾನೆ. ಗೀರು ಕಂಡು ಓಡಿದವನೂ ಒಳ್ಳೆಯದನ್ನು ಕಳೆದುಕೊಳ್ಳುತ್ತಾನೆ. ಭಾರ ಹೊರುವ ಭಾಗವನ್ನು ನೋಡಿ ತೀರ್ಮಾನಿಸುವುದೇ ಲೇಸು.

— ಒಬ್ಬ ಸದಸ್ಯ